ನೀರೊಳಗಿನ ವಿಡಿಯೊ ಚಿತ್ರೀಕರಣ

ನೀರೊಳಗಿನ ವಿಡಿಯೊ ಚಿತ್ರೀಕರಣ ಎಂದರೆ ಸಮುದ್ರ, ನದಿ, ಕೆರೆ, ಬಾವಿ ಮೊದಲಾದ ಜಲಮೂಲಗಳ ಒಳಗಿನ ದೃಶ್ಯಗಳನ್ನು ಜಲನಿರೋಧಕ ಕ್ಯಾಮೆರಾದಿಂದ ಅಥವಾ ಜಲನಿರೋಧಕ ಕವಚದಲ್ಲಿರಿಸಿದ ಕ್ಯಾಮೆರಾದಿಂದ ದಾಖಲಿಸುವ ವಿಧಾನ. ಕೈಯಲ್ಲಿ ಹಿಡಿಯಬಹುದಾದ ಸಣ್ಣ ಕ್ಯಾಮೆರಾಗಳಿಂದಾಗಿ ಇದು ಹವ್ಯಾಸಿಗಳಿಗೂ ಸಾಧ್ಯವಾಗಿದೆ. ಇದರಲ್ಲಿ ಎದುರಾಗುವ ಮುಖ್ಯ ತೊಡಕುಗಳು ಎರಡು: ಬೆಳಕಿನ ಕೊರತೆ ಮತ್ತು ಬಣ್ಣದ ನಷ್ಟ. ಕ್ಯಾಮೆರಾವನ್ನು ತಲುಪದೆ ಹೋದ ಬಣ್ಣವನ್ನು ಸಂಕಲನದ ಹಂತದಲ್ಲಿ ಪೂರ್ಣವಾಗಿ ಮರಳಿ ಪಡೆಯಲಾಗದು. ಆದುದರಿಂದ ಚಿತ್ರೀಕರಣದ ಸಮಯದಲ್ಲಿಯೇ ಬಣ್ಣವನ್ನು ಉಳಿಸಿಕೊಳ್ಳುವುದು ಈ ವಿಧಾನದ ಮೂಲ ನಿಯಮವಾಗಿದೆ. ಕರ್ನಾಟಕದಲ್ಲಿ ನೇತ್ರಾಣಿ ದ್ವೀಪದ ಸುತ್ತಲಿನ ಸಮುದ್ರ ಮತ್ತು ಕೊಪ್ಪಳ ಜಿಲ್ಲೆಯ ಸಿಹಿನೀರಿನ ನೆಲೆಗಳು ಈ ನಿಯಮದ ಎರಡು ಭಿನ್ನ ಉದಾಹರಣೆಗಳಾಗಿವೆ.

ಇತಿಹಾಸ

ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ 1893ರಲ್ಲಿ ನೀರಿನೊಳಗೆ ಛಾಯಾಚಿತ್ರಗಳನ್ನು ತೆಗೆದ ಆರಂಭಿಕರಲ್ಲಿ ಪ್ರಮುಖರು. ಜಾನ್ ಅರ್ನೆಸ್ಟ್ ವಿಲಿಯಮ್ಸನ್ 1914ರಲ್ಲಿ ಬಹಾಮಾಸ್ ದ್ವೀಪಗಳಲ್ಲಿ ನೀರೊಳಗಿನ ಚಲನಚಿತ್ರವನ್ನು ಚಿತ್ರೀಕರಿಸಿದರು. ಕರ್ನಾಟಕದ ಮಟ್ಟಿಗೆ, ಅಮೋಘವರ್ಷ ಜೆ. ಎಸ್. ನಿರ್ದೇಶನದಲ್ಲಿ ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡ, 2022ರ ಅಕ್ಟೋಬರ್ 28ರಂದು ತೆರೆಕಂಡ ಗಂಧದ ಗುಡಿ ಚಿತ್ರವು ಸಮುದ್ರದೊಳಗಿನ ದೃಶ್ಯಗಳನ್ನು ಒಳಗೊಂಡಿದೆ.

ಬೆಳಕು ಮತ್ತು ಬಣ್ಣದ ನಷ್ಟ

ನೀರು ಎಲ್ಲ ಬಣ್ಣಗಳನ್ನು ಸಮನಾಗಿ ಹೀರಿಕೊಳ್ಳುವುದಿಲ್ಲ. 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು ಶುದ್ಧ ನೀರಿನಲ್ಲಿ ಪ್ರತಿ ಮೀಟರಿಗೆ ಸುಮಾರು ಶೇ. 30ರಷ್ಟು ಕ್ಷೀಣಿಸುತ್ತದೆ. 5 ಮೀಟರ್ ದಾಟುವಷ್ಟರಲ್ಲಿ ಅದರ ಐದನೆಯ ಒಂದು ಭಾಗವೂ ಉಳಿಯುವುದಿಲ್ಲ. 10 ಮೀಟರಿನಲ್ಲಿ ಉಳಿಯುವುದು ಶೇ. 3ರಷ್ಟು ಮಾತ್ರ. ಅದೇ ದೂರದಲ್ಲಿ 450 ನ್ಯಾನೊಮೀಟರಿನ ನೀಲಿ ಬೆಳಕು ಶೇ. 10ಕ್ಕಿಂತ ಕಡಿಮೆ ಕ್ಷೀಣಿಸುತ್ತದೆ. ಆಳದಲ್ಲಿ ತೆಗೆದ ದೃಶ್ಯಗಳು ನೀಲಿಯಾಗಿ ಕಾಣಲು ಇದೇ ಕಾರಣ.

ಇಲ್ಲಿ ಲೆಕ್ಕಕ್ಕೆ ಬರುವುದು ಆಳವೊಂದೇ ಅಲ್ಲ. ಬೆಳಕು ನೀರಿನೊಳಗೆ ಕ್ರಮಿಸುವ ಒಟ್ಟು ದೂರ. 5 ಮೀಟರ್ ಆಳದಲ್ಲಿರುವ ಮೀನನ್ನು 2 ಮೀಟರ್ ದೂರದಿಂದ ಚಿತ್ರೀಕರಿಸಿದರೆ ಬೆಳಕು ಕನಿಷ್ಠ 7 ಮೀಟರ್ ನೀರನ್ನು ಹಾದು ಬಂದಿರುತ್ತದೆ. ಅರ್ಧ ಮೀಟರ್ ದೂರದಿಂದ ಚಿತ್ರೀಕರಿಸಿದರೆ ಈ ದೂರ 5.5 ಮೀಟರಿಗೆ ಇಳಿಯುತ್ತದೆ. ನಡುವೆ ತೇಲುವ ಕಣಗಳೂ ಕಡಿಮೆಯಾಗುತ್ತವೆ. ಆದುದರಿಂದ ಜೂಮ್ ಬಳಸುವುದಕ್ಕಿಂತ ವಿಶಾಲ ಕೋನದ ಮಸೂರದೊಂದಿಗೆ ವಸ್ತುವಿಗೆ ಹತ್ತಿರವಾಗುವುದು ಉತ್ತಮ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33 ಆಗಿರುವುದರಿಂದ ವಸ್ತುಗಳು ನೈಜ ದೂರದ ಮುಕ್ಕಾಲು ಭಾಗದಲ್ಲಿರುವಂತೆ ತೋರುತ್ತವೆ. ಸಮತಟ್ಟಾದ ಗಾಜಿನ ಕವಚದಲ್ಲಿ ಮಸೂರದ ದೃಷ್ಟಿಕೋನವೂ ಕಿರಿದಾಗುತ್ತದೆ.

ಎಕ್ಸ್‌ಪೋಷರ್ ನಿಯಂತ್ರಣ

ಸಣ್ಣ ಕ್ಯಾಮೆರಾಗಳ ಸ್ವಯಂಚಾಲಿತ ವ್ಯವಸ್ಥೆಯು ದೃಶ್ಯದ ಸರಾಸರಿ ಬೆಳಕನ್ನು ಅಳೆಯುತ್ತದೆ. ಮೇಲ್ಮುಖವಾಗಿ ಹಿಡಿದಾಗ ಪ್ರಕಾಶಮಾನವಾದ ನೀರಿನ ಮೇಲ್ಮೈಯಿಂದಾಗಿ ವಸ್ತು ಕಪ್ಪಾಗುತ್ತದೆ. ಕೆಳಮುಖವಾಗಿ ಹಿಡಿದಾಗ ತಿಳಿ ಬಣ್ಣದ ಭಾಗಗಳು ಬೆಳ್ಳಗಾಗಿ ವಿವರ ಕಳೆದುಕೊಳ್ಳುತ್ತವೆ. ಕ್ಯಾಮೆರಾ ತಿರುಗಿದಂತೆ ಬೆಳಕು ಏರಿಳಿಯುವುದು ವಿಡಿಯೊದಲ್ಲಿ ಎದ್ದು ಕಾಣುವ ದೋಷ. ವಸ್ತುವಿನ ಮೇಲೆ ಅಳತೆ ಮಾಡಿ ಎಕ್ಸ್‌ಪೋಷರನ್ನು ಸ್ಥಿರಗೊಳಿಸುವುದು ಇದಕ್ಕೆ ಪರಿಹಾರ. ಬಿಳಿ ಭಾಗಗಳನ್ನು ಕಾಪಾಡಲು ಎಕ್ಸ್‌ಪೋಷರನ್ನು −0.3ರಿಂದ −0.7ರವರೆಗೆ ತಗ್ಗಿಸುವ ರೂಢಿಯಿದೆ. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೊಗೆ ಷಟರ್ ವೇಗ 1/50 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಚಲನೆ ಸಹಜವಾಗಿ ಕಾಣುತ್ತದೆ. ಸಣ್ಣ ಸಂವೇದಕಗಳಲ್ಲಿ ಐಎಸ್‌ಒ ಹೆಚ್ಚಿದಂತೆ ಚಿತ್ರದಲ್ಲಿ ಚುಕ್ಕೆಗಳು ಮೂಡುವುದರಿಂದ ಅದಕ್ಕೆ ಮೇಲ್ಮಿತಿ ನಿಗದಿಪಡಿಸಲಾಗುತ್ತದೆ. ಸೂರ್ಯ ನೆತ್ತಿಯ ಸಮೀಪವಿರುವ ಬೆಳಗಿನ 10ರಿಂದ ಮಧ್ಯಾಹ್ನ 2ರವರೆಗಿನ ಅವಧಿಯಲ್ಲಿ ಹೆಚ್ಚು ಬೆಳಕು ನೀರನ್ನು ಪ್ರವೇಶಿಸುತ್ತದೆ. ಸೂರ್ಯನನ್ನು ಬೆನ್ನ ಹಿಂದೆ ಇರಿಸಿಕೊಂಡರೆ ಬಣ್ಣಗಳು ಹೆಚ್ಚು ಸ್ಪಷ್ಟವಾಗುತ್ತವೆ.

ವೈಟ್ ಬ್ಯಾಲೆನ್ಸ್

ಯಾವುದು ಬಿಳಿ ಎಂಬುದನ್ನು ಕ್ಯಾಮೆರಾಕ್ಕೆ ತಿಳಿಸುವ ಕ್ರಮವೇ ವೈಟ್ ಬ್ಯಾಲೆನ್ಸ್. ಚಿತ್ರೀಕರಿಸುವ ಆಳದಲ್ಲಿಯೇ ಬಿಳಿ ಅಥವಾ ಬೂದು ಹಲಗೆಯನ್ನು ತೋರಿಸಿ ಇದನ್ನು ಹೊಂದಿಸಬೇಕು. ಆಳ ಕೆಲವು ಮೀಟರ್ ಬದಲಾದಾಗಲೆಲ್ಲ ಮತ್ತೊಮ್ಮೆ ಹೊಂದಿಸಬೇಕಾಗುತ್ತದೆ. ಒಲಿಂಪಸ್ ಟಿಜಿ-6ರಂತಹ ಕ್ಯಾಮೆರಾಗಳಲ್ಲಿ ನೀರಿನೊಳಗಿನ ಬಳಕೆಗೆ ಪ್ರತ್ಯೇಕ ಆಯ್ಕೆಗಳಿವೆ. ವೈಟ್ ಬ್ಯಾಲೆನ್ಸ್ ಉಳಿದಿರುವ ಕೆಂಪನ್ನು ಹಿಗ್ಗಿಸುತ್ತದೆಯೇ ಹೊರತು ಇಲ್ಲದ ಕೆಂಪನ್ನು ಸೃಷ್ಟಿಸುವುದಿಲ್ಲ. ತೀರಾ ಆಳದಲ್ಲಿ ಹಾಗೆ ಹಿಗ್ಗಿಸಿದಾಗ ಬಣ್ಣದ ಬದಲು ಚುಕ್ಕೆಗಳೇ ಹೆಚ್ಚುತ್ತವೆ.

ಫಿಲ್ಟರ್ ಮತ್ತು ದೀಪಗಳು

ನೀಲಿ ಸಮುದ್ರದಲ್ಲಿ ಸುಮಾರು 5ರಿಂದ 20 ಮೀಟರ್ ಆಳದವರೆಗೆ ಕೆಂಪು ಫಿಲ್ಟರ್ ಉಪಯುಕ್ತ. ಹಸಿರು ನೀರಿನಲ್ಲಿ ಮೆಜೆಂತಾ ಫಿಲ್ಟರ್ ಸೂಕ್ತ. ಎರಡೂ ಬೆಳಕನ್ನು ತಗ್ಗಿಸುವುದರಿಂದ ಮಂದ ಬೆಳಕಿನಲ್ಲಿ ಉಪಯೋಗವಾಗುವುದಿಲ್ಲ. ಆಳದಲ್ಲಿ ಪೂರ್ಣ ಬಣ್ಣವನ್ನು ಮರಳಿ ತರುವ ಸಾಧನ ದೀಪ ಮಾತ್ರ. ಅರ್ಧ ಮೀಟರ್ ದೂರದ ವಸ್ತುವಿಗೆ ಕ್ಯಾಮೆರಾದ ಬಳಿಯಿಂದ ಬೆಳಕು ಹಾಯಿಸಿದರೆ ಅದು ಕ್ರಮಿಸುವ ಒಟ್ಟು ದೂರ ಸುಮಾರು 1 ಮೀಟರ್ ಮಾತ್ರ. ದೀಪ ಬಳಸುವಾಗ ಫಿಲ್ಟರ್ ತೆಗೆಯಬೇಕು. ಮಸೂರದ ಪಕ್ಕದಲ್ಲಿಯೇ ದೀಪವಿದ್ದರೆ ತೇಲುವ ಕಣಗಳು ಬೆಳಗಿ ಹಿಮ ಬೀಳುವಂತೆ ಕಾಣುವುದರಿಂದ ದೀಪಗಳನ್ನು ಇಕ್ಕೆಲಗಳಲ್ಲಿ ದೂರಕ್ಕೆ ಚಾಚಿ ಇರಿಸಲಾಗುತ್ತದೆ.

ಕರ್ನಾಟಕದಲ್ಲಿ

ನೇತ್ರಾಣಿ: ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಅರಬ್ಬೀ ಸಮುದ್ರದಲ್ಲಿರುವ ಈ ದ್ವೀಪದ ಸುತ್ತ ಹವಳಗಳಿದ್ದು, ಇದು ರಾಜ್ಯದ ಪ್ರಮುಖ ಸ್ಕೂಬಾ ಡೈವಿಂಗ್ ತಾಣವಾಗಿದೆ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಡೈವಿಂಗ್ ನಡೆಯುವುದಿಲ್ಲ. ನೀರು ತಿಳಿಯಾಗಿರುವ ದಿನಗಳಲ್ಲಿ ಮೇಲೆ ಹೇಳಿದ ನೀಲಿ ನೀರಿನ ಕ್ರಮಗಳು ಇಲ್ಲಿಗೆ ಅನ್ವಯಿಸುತ್ತವೆ.

ಕೊಪ್ಪಳ ಜಿಲ್ಲೆ: ಮುನಿರಾಬಾದ್ ಬಳಿಯ ತುಂಗಭದ್ರಾ ಜಲಾಶಯ, ಗಂಗಾವತಿ ಭಾಗದ ಆನೆಗೊಂದಿ ಸಮೀಪದ ನದಿಪಾತ್ರ ಮತ್ತು ಸಣಾಪುರ ಕೆರೆ, ಕುಷ್ಟಗಿ ಹಾಗೂ ಯಲಬುರ್ಗಾ ತಾಲೂಕುಗಳ ಕೆರೆ ಮತ್ತು ಕೃಷಿಹೊಂಡಗಳು ಒಳನಾಡಿನ ಸಿಹಿನೀರಿನ ನೆಲೆಗಳು. ಇಂತಹ ನೀರಿನಲ್ಲಿ ಪಾಚಿ ಹಾಗೂ ಕರಗಿದ ಸಾವಯವ ವಸ್ತುಗಳು ನೀಲಿ ಬೆಳಕನ್ನೂ ಹೀರುವುದರಿಂದ ಹಸಿರು ಅಥವಾ ಹಳದಿ ಮಿಶ್ರಿತ ಕಂದು ಬಣ್ಣ ಮಾತ್ರ ಉಳಿಯುತ್ತದೆ. ಕಪ್ಪು ಮಣ್ಣಿನ ಸೂಕ್ಷ್ಮ ಜೇಡಿಕಣಗಳು ಬೇಗನೆ ತಳ ಸೇರುವುದಿಲ್ಲ. ಮಳೆಗಾಲದ ಹೊಸ ನೀರು ಬಂದಾಗ ಕೆಲವೇ ಅಡಿಗಳಾಚೆ ಏನೂ ಕಾಣದಂತಾಗುತ್ತದೆ. ನೀಲಿ ಸಮುದ್ರಕ್ಕೆಂದು ತಯಾರಿಸಿದ ಕೆಂಪು ಫಿಲ್ಟರ್ ಇಲ್ಲಿ ಹಸಿರು ಛಾಯೆಯನ್ನು ನಿವಾರಿಸಲಾರದು. ಕಲಕದೆ ನಿಂತ ನೀರು, ಒಂದೆರಡು ಮೀಟರ್ ಆಳ, ಒಂದೆರಡು ಅಡಿ ದೂರ ಮತ್ತು ಆಗಾಗ ಹೊಂದಿಸಿದ ವೈಟ್ ಬ್ಯಾಲೆನ್ಸ್ ಇಲ್ಲಿ ಹೆಚ್ಚು ಫಲಕಾರಿ.

ಸುರಕ್ಷತೆ ಮತ್ತು ಸಂರಕ್ಷಣೆ

ತುಂಗಭದ್ರಾ ನದಿಯಲ್ಲಿ ಮೊಸಳೆಗಳಿವೆ. ಬಂಡೆಗಳ ನಡುವಿನ ಸೆಳವು ಹಾಗೂ ಕಾಲುವೆಗಳ ವೇಗದ ಹರಿವು ಈಜು ಬಲ್ಲವರಿಗೂ ಅಪಾಯಕಾರಿ. ಈ ಕಾರಣದಿಂದ ನೀರಿಗಿಳಿಯದೆ, ಕ್ಯಾಮೆರಾವನ್ನು ಉದ್ದನೆಯ ಕೋಲಿಗೆ ಬಿಗಿದು ದಡದ ಸುರಕ್ಷಿತ ಸ್ಥಳದಿಂದ ಅಥವಾ ಹರಿಗೋಲಿನಿಂದ ಇಳಿಸುವ ಕ್ರಮ ಇಲ್ಲಿಗೆ ಸೂಕ್ತ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಇಲ್ಲಿ ಚಿತ್ರೀಕರಿಸುವ ಮುನ್ನ ಅರಣ್ಯ ಇಲಾಖೆಯನ್ನು ಸಂಪರ್ಕಿಸಿ ಅನುಮತಿ ಪಡೆಯುವುದು ಅಗತ್ಯ. ನೀರುನಾಯಿಗಳ ಬಿಲಗಳ ಸಮೀಪ ಹೋಗುವುದಾಗಲಿ, ಅವುಗಳತ್ತ ಪ್ರಖರ ದೀಪ ಹಾಯಿಸುವುದಾಗಲಿ ಸಲ್ಲದು. ಸಮುದ್ರದಲ್ಲಿ ಹವಳವನ್ನು ಮುಟ್ಟುವುದು ಅಥವಾ ಅದರ ಮೇಲೆ ನಿಲ್ಲುವುದು ಅದರ ಜೀವಕೋಶಗಳಿಗೆ ಹಾನಿ ಮಾಡುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ ಕ್ಯಾಮೆರಾ ಅಥವಾ ಕವಚಕ್ಕೆ ತಯಾರಕರು ಸೂಚಿಸಿದ ಆಳದ ಮಿತಿಯನ್ನು ಮೀರಬಾರದು.