ಹೆಸರಿನಲ್ಲಷ್ಟೇ ಹಗ್ಗ

ಮಂಡಿಯ ನಡುವೆ ತೊಡೆಮೂಳೆಗೂ ಕಣಕಾಲಿನ ಮೂಳೆಗೂ ಓರೆಯಾಗಿ ಬಿಗಿದುಕೊಂಡಿರುವ ಎಸಿಎಲ್ (ಆಂಟೀರಿಯರ್ ಕ್ರೂಸಿಯೇಟ್ ಲಿಗಮೆಂಟ್) ಅಂಥ ಕಟ್ಟುಗಳನ್ನು ಕನ್ನಡದಲ್ಲಿ ಅಸ್ಥಿರಜ್ಜು ಎನ್ನುತ್ತೇವೆ. ಹೆಸರಿನಲ್ಲೇ ಹಗ್ಗವಿದೆ. ಶಸ್ತ್ರವೈದ್ಯರೂ ಬಹುಕಾಲ ಅದನ್ನು ಹಗ್ಗವೆಂದೇ ಎಣಿಸಿದರು: ಹರಿದರೆ ಹೊಲಿಯಬೇಕು, ಹೊಲಿಗೆ ನಿಲ್ಲದಿದ್ದರೆ ಇನ್ನೂ ಗಟ್ಟಿಯಾದದ್ದನ್ನು ಕಟ್ಟಬೇಕು. ಈ ಎಣಿಕೆ ಒಂದೊಂದೇ ಪೆಟ್ಟು ತಿಂದು ಸಡಿಲವಾದದ್ದೇ ಈ ಚಿಕಿತ್ಸೆಯ ನಿಜವಾದ ಬೆಳವಣಿಗೆ ಎಂಬುದು ನನ್ನ ವಾದ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೊ ರಾಬ್ಸನ್ 1895ರಲ್ಲಿ ಗಣಿ ಕಾರ್ಮಿಕನೊಬ್ಬನ ಹರಿದ ರಜ್ಜುವನ್ನು ಹೊಲಿದರು. ಆತ ಕೆಲಸಕ್ಕೆ ಮರಳಿದ. ಹೊಲಿಗೆಯ ಮಿತಿ ಸ್ಪಷ್ಟವಾದದ್ದು 1976ರಲ್ಲಿ. ಹೀಗೆ ಹೊಲಿಸಿಕೊಂಡಿದ್ದ ಅಮೆರಿಕದ ಸೇನಾ ಅಕಾಡೆಮಿಯ ಕೆಡೆಟ್‌ಗಳನ್ನು ಐದು ವರ್ಷಗಳ ಬಳಿಕ ಪರೀಕ್ಷಿಸಿದ ಫೀಗಿನ್ ಮತ್ತು ಕರ್ಲ್ ಅವರಿಗೆ ಬಹುಪಾಲು ಮಂಡಿಗಳು ಮತ್ತೆ ಕೈಕೊಟ್ಟಿರುವುದು ಕಂಡಿತು. ಕೀಲಿನ ದ್ರವದಲ್ಲಿ ರಕ್ತ ಗಟ್ಟಿಯಾಗಿ ನಿಲ್ಲುವುದಿಲ್ಲ. ಹೆಪ್ಪಿನ ಆಸರೆಯಿಲ್ಲದೆ ಹರಿದ ತುದಿಗಳು ಕೂಡಿಕೊಳ್ಳುವುದಿಲ್ಲ.

ಮೂಳೆಗಳಲ್ಲಿ ಸುರಂಗ ಕೊರೆದು ಮೈಯ ಬೇರೆಡೆಯ ಅಂಗಾಂಶವನ್ನು ಹಾಯಿಸುವ ದಾರಿಯನ್ನು ಬ್ರಿಸ್ಟಲ್‌ನ ಹೇ ಗ್ರೋವ್ಸ್ 1917ರಲ್ಲೇ ತೋರಿಸಿದ್ದರು. ಇಂದು ಹೆಚ್ಚಾಗಿ ತೊಡೆಯ ಹಿಂಬದಿಯ ಎರಡು ತೆಳು ಸ್ನಾಯುರಜ್ಜುಗಳನ್ನು ಎಳೆದು ತೆಗೆದು, ಮಡಚಿ ನಾಲ್ಕೆಳೆ ಮಾಡಿ, ತುದಿ ಹೊಲಿದು, ಸುಮಾರು 8 ಮಿಲಿಮೀಟರ್ ದಪ್ಪದ ಆ ಕಸಿಯನ್ನು ಅದೇ ಅಳತೆಯ ಸುರಂಗದಲ್ಲಿ ಬಿಗಿಯುತ್ತಾರೆ. 1980ರ ದಶಕದಲ್ಲಿ ಬಳಸಿದ ಕಾರ್ಬನ್, ಡೇಕ್ರಾನ್, ಗೋರ್‌ಟೆಕ್ಸ್ ಎಳೆಗಳು ಮೊದಲ ದಿನದಿಂದಲೇ ಗಟ್ಟಿಯಾಗಿದ್ದವು. ಆದರೂ ಸೋತವು: ಸವೆದ ಚೂರುಗಳಿಂದ ಮಂಡಿ ಊದಿಕೊಂಡಿತು, ಎಳೆಗಳು ತುಂಡಾದವು. ದೇಹದ ಕಸಿಯಾದರೋ ಮೊದಲ ತಿಂಗಳುಗಳಲ್ಲಿ ದುರ್ಬಲವಾಗುತ್ತದೆ. ಹಳೆಯ ಜೀವಕೋಶಗಳು ಸತ್ತು, ಹೊಸ ರಕ್ತನಾಳಗಳು ಹಬ್ಬಿ, ನಿಧಾನವಾಗಿ ಅದು ಮರುಹುಟ್ಟು ಪಡೆಯುತ್ತದೆ.

ಗಟ್ಟಿತನಕ್ಕಿಂತ ಸ್ಥಾನ ಮುಖ್ಯ ಎಂಬ ಪಾಠವನ್ನು ಪಿಟ್ಸ್‌ಬರ್ಗ್‌ನ ಫ್ರೆಡಿ ಫೂ ಮುಂತಾದವರು ಕಲಿಸಿದರು. ಸುರಂಗ ತೀರಾ ನೆಟ್ಟಗಾದರೆ ಮೂಳೆ ಮುಂದೆ ಜಾರುವುದು ನಿಂತರೂ ತಿರುಚುವುದು ನಿಲ್ಲದು. ಹಾಗಾದರೆ ಮಂಡಿಯ ಹೊರಬದಿಗೆ ಪಟ್ಟಿಯೊಂದನ್ನು ಬಿಗಿಯುವ, ಲೆಮೇರ್ 1967ರಲ್ಲಿ ವರ್ಣಿಸಿದ ವಿಧಾನ ಮರಳಿ ಬಂದದ್ದು ಹಗ್ಗದ ಗೆಲುವಲ್ಲವೇ ಎಂದು ಕೇಳಬಹುದು. 2020ರ ಸ್ಟೆಬಿಲಿಟಿ ಅಧ್ಯಯನದಲ್ಲಿ 618 ಯುವಕ ಯುವತಿಯರ ಪೈಕಿ ಈ ಪಟ್ಟಿ ಇದ್ದವರಲ್ಲಿ ಎರಡು ವರ್ಷದೊಳಗೆ ಕಸಿ ಹರಿದ ಪ್ರಮಾಣ ಶೇ 4, ಇಲ್ಲದವರಲ್ಲಿ ಶೇ 11. ನಾನು ಇದನ್ನು ಬೇರೆಯಾಗಿ ಓದುತ್ತೇನೆ: ತಿರುಚಿನ ಭಾರ ಹಂಚಿಹೋದದ್ದರಿಂದ ಒಳಗಿನ ಕಸಿ ಬದುಕಿತು.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಸ್ವೀಡನ್ನಿನಲ್ಲಿ 121 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಚಿಕಿತ್ಸೆ ಪಡೆದು ಬೇಕೆನಿಸಿದರೆ ಮಾತ್ರ ಶಸ್ತ್ರಕ್ರಿಯೆಗೆ ಹೋದವರು, ತಕ್ಷಣ ಮಾಡಿಸಿಕೊಂಡವರಷ್ಟೇ ಚೇತರಿಸಿಕೊಂಡಿದ್ದರು. ಹಾಗೆಂದು ಶಸ್ತ್ರಕ್ರಿಯೆ ವ್ಯರ್ಥವಲ್ಲ. ವ್ಯಾಯಾಮದಿಂದ ಆರಂಭಿಸಿದವರಲ್ಲಿ ಅರ್ಧದಷ್ಟು ಜನ ಐದು ವರ್ಷದೊಳಗೆ ಅದನ್ನೇ ಆರಿಸಿಕೊಂಡರು. ಪದೇಪದೇ ಜಾರುವ ಮಂಡಿಯಲ್ಲಿ ಒಳಗಿನ ಮೆತ್ತೆಯಂಥ ಮೆನಿಸ್ಕಸ್ ಹರಿಯುತ್ತದೆ, ಅಂಥವರಿಗೆ ಕಾಯುವುದು ಹಾನಿ. ಆದರೆ ಯಾರಿಗೆ ಮಾಡಬೇಕೆಂಬುದನ್ನು ಎಂಆರ್‌ಐ ಚಿತ್ರವೊಂದೇ ತೀರ್ಮಾನಿಸಲಾರದು. ಕಬಡ್ಡಿ ಅಂಕಣಕ್ಕೆ ಮರಳಲು ತವಕಿಸುವವರಿಗೆ, ಅವರ ಕೋಚ್‌ಗಳಿಗೆ ನನ್ನ ಕೋರಿಕೆ ಇಷ್ಟೇ: ನೋವು ಹೋಯಿತೆಂದು ಒಂಬತ್ತು ತಿಂಗಳಿಗೆ ಮುಂಚೆ ಇಳಿಯಬೇಡಿ, ಇಳಿಸಬೇಡಿ. ಒಳಗಿನ ಕಸಿ ಆಗಿನ್ನೂ ಬೆಳೆಯುತ್ತಿರುತ್ತದೆ.