ಪೆನ್ನು, ಮೊಬೈಲ್ ಹೊರಗಿಟ್ಟು ಬನ್ನಿ

2005ರ ಏಪ್ರಿಲ್‌ನಲ್ಲಿ ಪುಣೆ ಪೊಲೀಸರು ಒಂದು ಕಾಲ್ ಸೆಂಟರ್‌ನ ಹುಡುಗರನ್ನು ಹಿಡಿದರು. ಎಂಫಸಿಸ್‌ಗೆ ಸೇರಿದ ಬಿಪಿಒ ಅದು. ಅಮೆರಿಕದ ಸಿಟಿಬ್ಯಾಂಕ್ ಗ್ರಾಹಕರ ಕರೆಗಳು ಅಲ್ಲಿಗೆ ಬರ್ತಿದ್ದವು. ನಯವಾಗಿ ಮಾತಾಡಿ ನಾಲ್ವರು ಗ್ರಾಹಕರ ಪಿನ್ ತಿಳ್ಕೊಂಡು, ಸುಮಾರು ಮೂರೂವರೆ ಲಕ್ಷ ಡಾಲರ್‌ಗಳನ್ನು ಸುಳ್ಳು ಹೆಸರಿನ ಖಾತೆಗಳಿಗೆ ದಾಟಿಸಿದರು ಅನ್ನೋದು ಆರೋಪ. ಇದರಲ್ಲಿ ಹ್ಯಾಕಿಂಗ್ ಅನ್ನೋದೇ ಇಲ್ಲ ನೋಡಿ. ಒಳಗೆ ಹೋಗುವಾಗ, ಹೊರಗೆ ಬರುವಾಗ ತಪಾಸಣೆ ಇತ್ತು. ಬರ್ಕೊಂಡು ಹೋಗೋಕೆ ದಾರಿಯಿರಲಿಲ್ಲ. ನಂಬರ್‌ಗಳನ್ನು ತಲೆಯಲ್ಲಿಟ್ಟುಕೊಂಡು ಸೀದಾ ಸೈಬರ್ ಕೆಫೆಗೆ ಹೋದರು ಅಂತ ಆಗ ವರದಿಯಾಗಿತ್ತು. ಮಗ್ಗಿ ಬಾಯಿಪಾಠ ಮಾಡಿ ಬೆಳೆದ ದೇಶದಲ್ಲಿ ನಾಲ್ಕಂಕಿ ಯಾವ ಲೆಕ್ಕ!

ಮರುವರ್ಷ ಜೂನ್‌ನಲ್ಲಿ ಬೆಂಗಳೂರಿನ ಸರದಿ. ಎಚ್‌ಎಸ್‌ಬಿಸಿಯ ಇಲ್ಲಿನ ಕೇಂದ್ರದ ನೌಕರನೊಬ್ಬನ ಬಂಧನವಾಯ್ತು. ಅವನು ಹೊರಗೆ ಕೊಟ್ಟ ಮಾಹಿತಿಯಿಂದ ಬ್ರಿಟನ್ನಿನ ಗ್ರಾಹಕರ ಸುಮಾರು 2.33 ಲಕ್ಷ ಪೌಂಡ್ ಹೋಯ್ತು ಅನ್ನೋದು ದೂರು.

ಕಾನೂನು ಏನು ಹೇಳ್ತಿತ್ತು? ಕಾಗದ ಒಡೆದು ನೋಡಿದ ಅಂಚೆ ನೌಕರನಿಗೆ ಎರಡು ವರ್ಷದವರೆಗೆ ಜೈಲು ಅಂತ 1898ರಲ್ಲೇ ಬರೆದಿತ್ತು. ಆದರೆ 2000ದ ಐಟಿ ಕಾಯ್ದೆಯ 72ನೇ ಸೆಕ್ಷನ್ನಿನ ಗೌಪ್ಯತೆಯ ಮಾತು ಆ ಕಾಯ್ದೆಯಡಿ ಅಧಿಕಾರ ಪಡೆದವರಿಗೆ ಮಾತ್ರ. ಹೆಡ್‌ಸೆಟ್ ಹಾಕ್ಕೊಂಡು ಕೂತ ಖಾಸಗಿ ನೌಕರ ಅದರ ಕೈಗೆ ಸಿಗೋನಲ್ಲ. ವಂಚನೆ, ಫೋರ್ಜರಿ ಅಂತ ಹಳೇ ದಂಡಸಂಹಿತೆಯನ್ನೇ ನೆಚ್ಚಿಕೊಳ್ಳಬೇಕಿತ್ತು.

ಉದ್ಯಮಕ್ಕೆ ನಿಜಕ್ಕೂ ಗಾಬರಿಯಾಯ್ತು. ಗಾಬರಿ ಡಾಲರ್ ಹೋಗುತ್ತೆ ಅಂತ, ಗ್ರಾಹಕನ ಗುಟ್ಟು ಹೋಗುತ್ತೆ ಅಂತಲ್ಲ. ನನಗಂತೂ ಹಾಗೇ ಕಾಣುತ್ತೆ. ಫ್ಲೋರಿಗೆ ಪೆನ್ನು, ಕಾಗದ, ಮೊಬೈಲ್ ತರೋ ಹಾಗಿಲ್ಲ ಅನ್ನೋ ನಿಯಮಗಳು ಬಿಗಿಯಾದವು. 2006ರ ಜನವರಿಯಲ್ಲಿ ನಾಸ್ಕಾಂ ‘ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ’ ಶುರುಮಾಡಿತು. ನೌಕರರ ಫೋಟೊ, ಬೆರಳಚ್ಚು, ಹಿಂದಿನ ಕೆಲಸದ ವಿವರ ಎಲ್ಲಾ ಒಂದೇ ಕಡೆ. ಮಾಹಿತಿ ಕಾಪಾಡೋಕೆ ಅಂತ ಇನ್ನೊಂದು ಮಾಹಿತಿ ಗುಡ್ಡೆ!

ಕಾನೂನು ತಿದ್ದುಪಡಿಯಾಗಿದ್ದು 2008ರ ಡಿಸೆಂಬರ್‌ನಲ್ಲಿ, ಮುಂಬೈ ದಾಳಿಯ ಬೆನ್ನಿಗೆ. ಅದರಲ್ಲಿ ಎರಡು ಹೊಸ ಸೆಕ್ಷನ್ ಬಂದವು. ಒಪ್ಪಂದ ಮುರಿದು ಮಾಹಿತಿ ಹೊರಗೆ ಬಿಟ್ಟವನಿಗೆ ಮೂರು ವರ್ಷದವರೆಗೆ ಜೈಲು: ಇದು 72ಎ. ಸೂಕ್ಷ್ಮ ಮಾಹಿತಿಯನ್ನು ಕಂಪನಿ ಸರಿಯಾಗಿ ಕಾಯದೆ ನಷ್ಟವಾದರೆ, ಕಂಪನಿಯೇ ನೊಂದವನಿಗೆ ಪರಿಹಾರ ಕೊಡಬೇಕು: ಇದು 43ಎ. ಹೊರದೇಶದ ಗಿರಾಕಿಯ ಸಮಾಧಾನಕ್ಕೆ ಅಂತಲೇ ಬಂದಿರಲಿ, 2009ರ ಅಕ್ಟೋಬರ್‌ನಿಂದ ನಮ್ಮೂರಿನ ಖಾತೆದಾರನಿಗೂ ಅದು ಸಿಕ್ಕಿತಲ್ಲ.

2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆರು ವರ್ಷದ ನಂತರ ಬಂದ ಡೇಟಾ ರಕ್ಷಣಾ ಕಾಯ್ದೆಯಲ್ಲಿ ಕಂಪನಿಗೆ 250 ಕೋಟಿವರೆಗೆ ದಂಡ ಇದೆ. ಆ ದುಡ್ಡು ಸೇರೋದು ಸರ್ಕಾರದ ಸಂಚಿತ ನಿಧಿಗೆ. ನೊಂದವನಿಗೆ ಪರಿಹಾರ ಕೊಡಿಸುತ್ತಿದ್ದ 43ಎ ಸೆಕ್ಷನ್ ತೆಗೆದುಹಾಕಲು ಅದೇ ಕಾಯ್ದೆಯಲ್ಲಿ ಒಂದು ಸಾಲಿದೆ. ಗ್ರಾಹಕ ದೂರು ಕೊಡಬಹುದು. ಸುಳ್ಳು ದೂರು ಅಂತಾದರೆ ಮಾತ್ರ ಅವನಿಗೇ ಹತ್ತು ಸಾವಿರದವರೆಗೆ ದಂಡ.