ಕಾರ್ಖಾನೆ ಬಾಗಿಲಿನ ಬೂದುಗುಂಬಳ

ಶರದೃತು ಕಾಲಿಟ್ಟು ನವರಾತ್ರಿ ಮುಗಿಯುತ್ತ ಬಂದಾಗ ಪೀಣ್ಯದ ಕೈಗಾರಿಕಾ ಪ್ರದೇಶದ ರಸ್ತೆಗಳ ಬದಿಯಲ್ಲಿ ಬೂದುಗುಂಬಳದ ರಾಶಿಗಳು ಏಳುತ್ತವೆ. ಪಕ್ಕದಲ್ಲೇ ಬಾಳೆಕಂದು, ಮಾವಿನಸೊಪ್ಪು, ಸೇವಂತಿಗೆಯ ಮಾರುಗಳು, ಕಡ್ಲೆಪುರಿಯ ಮೂಟೆಗಳು. ಮಹಾನವಮಿಯ ದಿನ, ಅಥವಾ ರಜೆಯ ಅನುಕೂಲ ನೋಡಿ ಅದರ ಹಿಂದಿನ ದಿನವೇ, ಲೇತ್, ಡ್ರಿಲ್ಲಿಂಗ್ ಮಿಷನ್, ಪವರ್ ಪ್ರೆಸ್‌ಗಳೆಲ್ಲ ಎಣ್ಣೆಜಿಡ್ಡು ಕಳೆದುಕೊಂಡು ಅರಿಶಿನ ಕುಂಕುಮ ಧರಿಸುತ್ತವೆ. ಕುಂಬಳಕಾಯಿಯ ನೆತ್ತಿಯಲ್ಲಿ ತೂತು ಕೊರೆದು, ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಯಂತ್ರಕ್ಕೆ ನಿವಾಳಿಸಿ ಬಾಗಿಲಲ್ಲಿ ಒಡೆಯುತ್ತಾರೆ. ಇನ್ನೊಂದು ಕಾಯಿ ವರ್ಷವಿಡೀ ಗೇಟಿಗೆ ತೂಗಾಡುತ್ತದೆ. ಹಳ್ಳಿಯ ಮೂಢನಂಬಿಕೆಯೊಂದು ಕಾರ್ಖಾನೆಯೊಳಗೂ ನುಸುಳಿದೆ ಎಂದು ಇದನ್ನು ಕಂಡು ಹೇಳುವವರು ಬಹಳ. ನನ್ನ ವಾದ ಬೇರೆ. ಈಗ ನಾವು ಕಾಣುವ ರೂಪದಲ್ಲಿ ಈ ಆಚರಣೆಯನ್ನು ಕಟ್ಟಿದ್ದು ಕೈಗಾರಿಕಾ ಬೆಂಗಳೂರು. ಅರಮನೆಯ ಆಯುಧಕ್ಕೆ ಸಲ್ಲುತ್ತಿದ್ದ ಗೌರವವನ್ನು ದುಡಿಯುವವನ ಉಪಕರಣಕ್ಕೆ ವರ್ಗಾಯಿಸಿದ ಇತಿಹಾಸ ಇದರಲ್ಲಿದೆ.

ಮೊದಲು ಅರಮನೆಯ ಕಥೆಯನ್ನೇ ನೋಡೋಣ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂಬತ್ತು ದಿನದ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಸಿಂಗರಿಸಿದ ಕುದುರೆಗಳು, ಸೈನ್ಯದ ಪ್ರದರ್ಶನ, ಅವುಗಳ ನಡುವೆ ಪ್ರಾಣಿಬಲಿ. ಕೊನೆಯ ದಿನ 250 ಕೋಣ, 4500 ಕುರಿ ಎಂದು ಅವನು ಲೆಕ್ಕ ಕೊಡುತ್ತಾನೆ. ವಿಜಯನಗರದ ಪತನದ ನಂತರ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಈ ಹಬ್ಬವನ್ನು ಮುಂದುವರಿಸಿದರು. ಅಲ್ಲಿಂದ ಅದು ಮೈಸೂರಿಗೆ ಬಂತು. ಆಗಲೂ ಹಬ್ಬದ ಕೇಂದ್ರದಲ್ಲಿದ್ದದ್ದು ಅರಸನ ಕತ್ತಿ, ಅರಸನ ಆನೆ, ಅರಸನ ಕುದುರೆ. ಶಸ್ತ್ರ ಹಿಡಿಯದವನಿಗೆ ಆಯುಧಪೂಜೆಯಲ್ಲಿ ದೊಡ್ಡ ಪಾತ್ರವಿರಲಿಲ್ಲ. ರೈತ ನೇಗಿಲಿಗೆ, ಕಮ್ಮಾರ ಸುತ್ತಿಗೆಗೆ ಪೂಜೆ ಮಾಡಿಕೊಂಡದ್ದು ತಂತಮ್ಮ ಮನೆಯಂಗಳದಲ್ಲಿ.

ಬಲಿಯ ಜಾಗಕ್ಕೆ ಕುಂಬಳ ಬಂದದ್ದು ಹೇಗೆಂದರೆ, ಅದಕ್ಕೆ ಶಾಸ್ತ್ರದ ಒಪ್ಪಿಗೆ ಮೊದಲೇ ಇತ್ತು. ಪ್ರಾಣಿಯ ಬದಲು ದೇವಿಗೆ ಅರ್ಪಿಸಬಹುದಾದವುಗಳಲ್ಲಿ ಕೂಷ್ಮಾಂಡವನ್ನೂ (ಬೂದುಗುಂಬಳ) ಕಬ್ಬನ್ನೂ ಕಾಳಿಕಾಪುರಾಣ ಹೆಸರಿಸುತ್ತದೆ. ಒಡೆದ ಬಿಳಿ ತಿರುಳಿನಿಂದ ಕುಂಕುಮದ ಕೆಂಪು ಹರಿಯುವುದನ್ನು ಕಂಡವರಿಗೆ ಅದು ಯಾವುದರ ಬದಲಿಗೆ ನಿಂತಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಮಾಡಿ ನಿವಾಳಿಸುವುದೂ ಇದೇ ಜಾಡಿನದು. ಆರಿಸಿದ ಕಾಯಿಯೂ ಸುಮ್ಮನೆ ಸಿಕ್ಕಿದ್ದಲ್ಲ. ಮುಂಗಾರಿನಲ್ಲಿ ಬಿತ್ತಿದ ಬಳ್ಳಿ ನವರಾತ್ರಿಯ ಹೊತ್ತಿಗೆ ಬಲಿತ ಕಾಯಿ ಕೊಡುತ್ತದೆ. ಸಿಪ್ಪೆಯ ಮೇಲಿನ ಬೂದಿಯಂಥ ಮೇಣದ ಪದರ ನೀರನ್ನು ಒಳಗೆ ಹಿಡಿದಿಟ್ಟುಕೊಂಡು ಅದನ್ನು ತಿಂಗಳುಗಟ್ಟಲೆ ಕೆಡದಂತೆ ಕಾಯುತ್ತದೆ. ಬಾಗಿಲಿಗೆ ಕಟ್ಟಲು ಇಷ್ಟು ದಿನ ಬಾಳುವ ಬೇರೆ ತರಕಾರಿ ಹುಡುಕಿದರೂ ಸಿಗುವುದು ಕಷ್ಟ. ಸಾಂಬಾರಿಗೆ ಹಾಕುವ ಸಿಹಿಗುಂಬಳ ಬೇರೆ. ಅದು ಅಮೆರಿಕ ಖಂಡದಿಂದ 1492ರ ನಂತರ ಹಡಗು ಹತ್ತಿ ಬಂದದ್ದು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಮಕ್ಕಳು ಕಣ್ಣು ಬಾಯಿ ಕೊರೆಯುವುದು ಈ ಕಿತ್ತಳೆ ಬಣ್ಣದ ಕಾಯಿಯನ್ನೇ. ಐರ್ಲೆಂಡಿನ ಜನ ಹಿಂದೆ ಟರ್ನಿಪ್ ಗೆಡ್ಡೆಯಲ್ಲಿ ಮುಖ ಕೊರೆಯುತ್ತಿದ್ದರು, ವಲಸೆ ಹೋದ ನೆಲದಲ್ಲಿ ಕುಂಬಳ ಸಿಕ್ಕಿತು. ಅದೂ ಮೂಲದಲ್ಲಿ ಕೆಡುಕನ್ನು ಬಾಗಿಲಾಚೆ ನಿಲ್ಲಿಸುವ ಉಪಾಯವೇ. ಆ ಮಕ್ಕಳ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಏಳುತ್ತಿರುವ ಹೊಸ ಕಟ್ಟಡಕ್ಕೆ ಕಟ್ಟಿದ ಬೂದುಗುಂಬಳವನ್ನೂ ದೃಷ್ಟಿಗೊಂಬೆಯನ್ನೂ ಅವರಿಗೆ ತೋರಿಸಿ ಕಥೆ ಹೇಳುವ ಹಿರಿಯರು ಇರಬೇಕು.

ಇನ್ನು ಕಾರ್ಖಾನೆಗೆ ಬರೋಣ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ದೂರವಾಣಿನಗರದ ಐಟಿಐ, 1953ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಹದಿನೈದೇ ವರ್ಷದಲ್ಲಿ ಬೆಂಗಳೂರಿನ ಸುತ್ತ ಸಾವಿರಾರು ಜನ ಸೈರನ್ನಿಗೆ ಓಗೊಟ್ಟು ಕೆಲಸಕ್ಕೆ ಹೋಗುವವರಾದರು. ಅವರ ಕೈಯಲ್ಲಿದ್ದ ಯಂತ್ರ ಅವರದಲ್ಲ, ಸರ್ಕಾರದ್ದು. ಆದರೂ ವರ್ಷಕ್ಕೊಂದು ದಿನ ಆ ಯಂತ್ರವನ್ನು ತೊಳೆದು, ಸಿಂಗರಿಸಿ, ತಮ್ಮದೆಂಬಂತೆ ಅದರ ಮುಂದೆ ನಿಲ್ಲುವ ಹಕ್ಕು ಅವರಿಗೆ ಈ ಹಬ್ಬದಿಂದ ಸಿಕ್ಕಿತು. ನಗರದ ಎಷ್ಟೋ ದೊಡ್ಡ ಕಾರ್ಖಾನೆಗಳಲ್ಲಿ ಆ ದಿನ ಹೆಂಡತಿ ಮಕ್ಕಳನ್ನು ಒಳಗೆ ಬಿಡುವ ರೂಢಿ ಬೆಳೆಯಿತು. ಅಪ್ಪ ಕೂತು ದುಡಿಯುವ ಮಿಷನ್ ಯಾವುದೆಂದು ಮಕ್ಕಳು ನೋಡಿದ್ದು ಕುಂಬಳಕಾಯಿ ಒಡೆಯುವ ದಿನ. ಇದೇ ಹೊತ್ತಿಗೆ ರಾಜ್ಯದ 1959ರ ಕಾಯ್ದೆ ಹಿಂದೂ ದೇವಸ್ಥಾನಗಳಲ್ಲಿ ಪ್ರಾಣಿಬಲಿಯನ್ನು ನಿಷೇಧಿಸಿ, ಬಲಿಯ ಬದಲಿಗೆ ನಿಲ್ಲುವ ಕಾಯಿಗೆ ಒತ್ತಾಸೆಯಾಯಿತು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್‌ಗಳು ಪೀಣ್ಯದಲ್ಲಿ 1970ರ ದಶಕದಲ್ಲಿ ಸಾಲುಗಟ್ಟಿದಾಗ, ಈ ಪೂಜೆಯೂ ಅವುಗಳ ಜೊತೆ ಬಂತು. ಅಲ್ಲಿ ಮಾಲೀಕ ಹಲವು ಕಡೆ ಹಿಂದೆ ತಾನೇ ಟರ್ನರ್ ಆಗಿದ್ದವನು. ಆರ್. ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಅಲ್ಲಿ ಕಂಪ್ಯೂಟರಿನ ನೆತ್ತಿಗೆ ಕುಂಕುಮ ಏರಿತು. ಸಿನಿಮಾದವರು ಚಿತ್ರೀಕರಣ ಮುಗಿದಾಗ ಕುಂಬಳಕಾಯಿ ಒಡೆಯುವುದನ್ನು ನೆನೆದರೆ, ಯಂತ್ರ ಹಿಡಿದ ಹೊಸ ಕಸುಬುಗಳೆಲ್ಲ ಈ ಕಾಯಿಯನ್ನು ಒಂದಾದ ಮೇಲೊಂದರಂತೆ ಸ್ವೀಕರಿಸಿದ್ದು ಸ್ಪಷ್ಟವಾಗುತ್ತದೆ. ಅಳಿದುಳಿದ ನಂಬಿಕೆ ಹೀಗೆ ಹೊಸ ಜಾಗಗಳಿಗೆ ಹಬ್ಬುವುದಿಲ್ಲ, ಕ್ರಮೇಣ ಸವೆಯುತ್ತದೆ.

ಇದಕ್ಕೆ ಎದುರಾಗುವ ಗಟ್ಟಿಯಾದ ಆಕ್ಷೇಪವೆಂದರೆ, ಪವರ್ ಪ್ರೆಸ್ಸಿನಲ್ಲಿ ಬೆರಳು ಹೋಗದಂತೆ ತಡೆಯುವುದು ಲೋಹದ ಗಾರ್ಡೇ ಹೊರತು ಕುಂಬಳಕಾಯಿಯಲ್ಲ ಎಂಬುದು. ಇದು ನೂರಕ್ಕೆ ನೂರು ಸತ್ಯ. 1948ರ ಕಾರ್ಖಾನೆ ಕಾಯ್ದೆ ತನ್ನ 21ನೇ ಕಲಮಿನಲ್ಲಿ ಚಲಿಸುವ ಯಂತ್ರಭಾಗಗಳಿಗೆ ಬೇಲಿ ಹಾಕಬೇಕೆಂದು ವಿಧಿಸಿತು, ಕಾರ್ಮಿಕನನ್ನು ಕಾಯಬೇಕಾದದ್ದು ಆ ಬೇಲಿಯೇ. ಗಾರ್ಡ್ ಬಿಚ್ಚಿಟ್ಟು ಉತ್ಪಾದನೆ ಹೆಚ್ಚಿಸಿಕೊಳ್ಳುವ ಮಾಲೀಕ ಗೇಟಿಗೆ ಬೂದುಗುಂಬಳ ಕಟ್ಟಿದರೆ ಅದು ಮೋಸ. ಆದರೆ ಆಚರಣೆಯೇ ಮೋಸವೆಂದು ಇದರಿಂದ ಸಾಬೀತಾಗುವುದಿಲ್ಲ. ಯಂತ್ರ ರಕ್ತ ಕೇಳಬಲ್ಲದು ಎಂಬ ಭಯವನ್ನು, ಮಾಲೀಕನೂ ಹೆಲ್ಪರನೂ ಒಟ್ಟಿಗೆ ನಿಂತು, ವರ್ಷಕ್ಕೊಮ್ಮೆ ಬಹಿರಂಗವಾಗಿ ಒಪ್ಪಿಕೊಳ್ಳುವ ಸಂದರ್ಭ ಅದು. ಯಂತ್ರ ನಿಲ್ಲಿಸಿ, ಬಿಚ್ಚಿ, ಜಿಡ್ಡು ಒರೆಸುವ ಕೆಲಸವೂ ಅದೇ ನೆಪದಲ್ಲಿ ನಡೆಯುತ್ತದೆ. ಎಲ್ಲ ಧರ್ಮದವರು ದುಡಿಯುವ ಕಡೆ ಒಂದು ಧರ್ಮದ ಪೂಜೆ ಸರಿಯೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಪೂಜೆಗೆ ಕೈಮುಗಿಯಲು ಯಾರನ್ನೂ ಒತ್ತಾಯಿಸಬಾರದು. ಕಡ್ಲೆಪುರಿಯ ಪೊಟ್ಟಣ ಮಾತ್ರ ಎಲ್ಲರಿಗೂ ಸಿಗಬೇಕು, ಗುತ್ತಿಗೆ ಕಾರ್ಮಿಕರನ್ನೂ ಸೆಕ್ಯುರಿಟಿಯವರನ್ನೂ ಬಿಡದೆ.

ರಸ್ತೆಯ ಮೇಲೆ ಒಡೆಯುವ ವಿಷಯದಲ್ಲಿ ಮಾತ್ರ ನಾನು ಆಕ್ಷೇಪಿಸುವವರ ಪಕ್ಷ. ಚೂರಾದ ತಿರುಳು ಡಾಂಬರಿನ ಮೇಲೆ ಎಣ್ಣೆಯಂತೆ ಜಾರುತ್ತದೆ. ಬೈಕ್ ಸವಾರರು ಬೀಳುತ್ತಾರೆ, ಸಂಚಾರಿ ಪೊಲೀಸರು ವರ್ಷ ವರ್ಷವೂ ಬೇಡವೆಂದು ಕೇಳಿಕೊಳ್ಳುತ್ತಾರೆ, ಹಬ್ಬದ ಮರುದಿನ ಪೌರಕಾರ್ಮಿಕರು ರಾಶಿ ರಾಶಿ ಕಸ ಬಳಿಯುತ್ತಾರೆ. ಇಲ್ಲಿ ಸಂಪ್ರದಾಯದ ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಕೆಡುಕು ಯಾರಿಗೂ ತಗುಲದಿರಲೆಂದು ನಿವಾಳಿಸಿದ ಕಾಯಿಯ ಮೇಲೆ ದಾರಿಹೋಕನ ಗಾಡಿ ಜಾರಿದರೆ ಆ ಪೂಜೆಯ ಉದ್ದೇಶವೇ ಕೆಟ್ಟಂತೆ. ಆದ್ದರಿಂದ ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿವರೆಗಿನ ಮಾಲೀಕರಲ್ಲಿ, ಸಂಘಗಳಲ್ಲಿ, ಲಾರಿ ಟೆಂಪೊ ಚಾಲಕರಲ್ಲಿ ಒಂದು ಕೋರಿಕೆ. ಕುಂಬಳಕಾಯಿಯನ್ನು ಕಾಂಪೌಂಡಿನ ಒಳಗೆ ಒಡೆಯಿರಿ, ಕುಂಕುಮದ ಜೊತೆ ಕಾಯಿಯೊಳಗೆ ನಾಣ್ಯ ತುಂಬುವ ರೂಢಿ ಬಿಡಿ, ಚೂರನ್ನು ನೀವೇ ಬಾಚಿ ಗೊಬ್ಬರದ ಗುಂಡಿಗೆ ಹಾಕಿಸಿ. ಅದೇ ದಿನ, ಹೂವಿನ ಹಾರ ಹಾಕುವ ಮೊದಲು, ಪ್ರತಿ ಪ್ರೆಸ್ಸಿನ ಗಾರ್ಡ್ ಜಾಗದಲ್ಲಿದೆಯೇ ಎಂದು ಅದನ್ನು ನಡೆಸುವ ಕಾರ್ಮಿಕನನ್ನೇ ಕರೆದು ಕೇಳಿ.